ಹಡಗಿನ ಅಡುಗೆಮನೆಯಲ್ಲಿ ನಾನು ಹಾಕದ ಸಹಿ

“ಹಡಗಿನಾಗೆ ತಂಗಳನ್ನಕ್ಕೆ ಮೊಸರು ಕಲಸಿ ಬಡಿಸಿ, ಜನಕ್ಕೆಲ್ಲ ವಾಂತಿ-ಬೇದಿ ಹಚ್ಚಿದ್ರಂತೆ. ಅರ್ಧ ದಾರಿಯಾಗೆ ಇಳಿಸಿ ಕಳ್ಸಿದ್ರಂತೆ. ಇವ್ರೇ ಅವ್ರು.”

ಚಿತ್ರದುರ್ಗದಿಂದ ಹೊಳಲ್ಕೆರೆಗೆ ಬರುವ ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನವರು ಪಕ್ಕದವರಿಗೆ ಹೇಳಿದ ಮಾತು ಇದು. ದನಿ ತಗ್ಗಿಸಿಯೇ ಹೇಳಿದರು, ಆದರೆ ಬಸ್ಸು ಆಗ ನಿಂತಿತ್ತು. ಇದೇ ಮಾತನ್ನು ನಾನು ಹೊಳಲ್ಕೆರೆಯ ಮಾರುಕಟ್ಟೆ ಪ್ರಾಂಗಣದಲ್ಲಿ ಕೇಳಿದ್ದೇನೆ, ಹೊರಕೆರೆದೇವಪುರದ ಒಂದು ಮದುವೆಯಲ್ಲಿ ಕೇಳಿದ್ದೇನೆ, ನನ್ನ ಬೀಗರ ಬಾಯಿಂದಲೂ ಕೇಳಿದ್ದೇನೆ. ಹೇಳುವವರಲ್ಲಿ ಒಬ್ಬರೂ ಹಡಗು ಕಂಡವರಲ್ಲ. ಎಲ್ಲರೂ ಒಂದೇ ಪದಗಳನ್ನು ಒಂದೇ ಕ್ರಮದಲ್ಲಿ ಹೇಳುತ್ತಾರೆ. ಒಂದು ಕಥೆ ಎಲ್ಲ ಬಾಯಿಗಳಲ್ಲೂ ಹೀಗೆ ಒಂದೇ ತೆರನಾಗಿ ಬಂದರೆ ಅದು ಒಂದೇ ಬಾಯಿಂದ ಹೊರಟಿದೆ ಎಂದು ನಾನು ತಿಳಿಯುತ್ತೇನೆ. ಆ ಬಾಯಿ ಯಾರದೆಂದು ನನಗೆ ಗೊತ್ತು.

ಮದುವೆ, ಗೃಹಪ್ರವೇಶ, ಮಠದ ದಾಸೋಹಗಳಿಗೆ ಮೂವತ್ತು ವರ್ಷ ಅಡುಗೆ ಮಾಡಿದವನು ನಾನು. ಈಗ ನನ್ನನ್ನು ಯಾರೂ ಕರೆಯುವುದಿಲ್ಲ. ಎಲ್ಲಾದರೂ ನಾಲ್ಕು ಜನರ ನಡುವೆ ಸೌಟು ಹಿಡಿದರೆ, ಉಣ್ಣುವವರು ಮೊದಲು ಅನ್ನವನ್ನು ಮೂಸುತ್ತಾರೆ. ಅಡುಗೆಯವನಿಗೆ ಕೈಗುಣದ ಹೆಸರನ್ನು ಬಿಟ್ಟರೆ ಬೇರೆ ಆಸ್ತಿ ಇಲ್ಲ. ಹಾಗಾಗಿ ಹಡಗಿನ ಆ ಐದು ದಿನಗಳಲ್ಲಿ ನಡೆದುದನ್ನು, ನನ್ನ ತಪ್ಪನ್ನೂ ಬಿಡದೆ, ಕ್ರಮವಾಗಿ ಬರೆಯುತ್ತೇನೆ.

ನನ್ನನ್ನು ಹಡಗಿಗೆ ಕರೆದುಕೊಂಡು ಹೋದವನು ಹಿರಿಯೂರಿನ ಕಡೆಯವನು. ಹಡಗಿನ ದೊಡ್ಡ ಅಡುಗೆಮನೆಯಲ್ಲಿ ಭಾರತೀಯ ಊಟದ ವಿಭಾಗಕ್ಕೆ ಮೇಲ್ವಿಚಾರಕನಾಗಿದ್ದ. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ಚಿಕ್ಕವನು. ರಜೆಯಲ್ಲಿ ಬಂದಾಗ ಒಂದು ಮದುವೆಯಲ್ಲಿ ನನ್ನ ಕೈಯ ಮೊಸರನ್ನ ಉಂಡು, ಒಲೆಯ ಬಳಿಗೇ ಬಂದ.

“ಮಾವ, ಇಂಥ ಮೊಸರನ್ನ ನಮ್ಮ ಹಡಗಿನಾಗೆ ಮಾಡೋರು ಇಲ್ಲ. ಮುಂಬೈಯಾಗೆ ಹಡಗು ಹತ್ತೋ ಜನ ಮನೆ ಊಟ ಕೇಳ್ತಾರೆ. ನನ್ ಜತೆ ಬರ್ರಿ.”

“ಲೇ, ಮಾರಿಕಣಿವೆ ಡ್ಯಾಮಿನ ಏರಿ ಮ್ಯಾಲೆ ನಿಂತ್ಕಂಡು ನೀರು ನೋಡಿದ್ರೇನೇ ನಂಗೆ ತಲೆ ತಿರುಗ್ತೈತೆ,” ಎಂದೆ.

“ಹಡಗಿನಾಗೆ ನೀರೇ ಕಾಣಂಗಿಲ್ಲ ಬಿಡ್ರಿ ಮಾವ. ಬರೀ ಸ್ಟೀಲಿನ ಗ್ವಾಡೆ.”

ಅವನು ಹೇಳಿದ ಮಾತುಗಳಲ್ಲಿ ಇದೊಂದು ಪೂರ್ತಿ ನಿಜವಾಗಿತ್ತು. ಹಡಗಿಗೆ ಸೇರಿದವನು ಲೋಕ ಸುತ್ತುತ್ತಾನೆ ಎಂದು ನಮ್ಮ ಕಡೆ ನಂಬುತ್ತಾರೆ. ಸುತ್ತುವವನು ಪ್ರಯಾಣಿಕ. ಕೆಲಸದವನು ಮಲಗುವ ಕೋಣೆ, ಉಣ್ಣುವ ಕೋಣೆ, ದುಡಿಯುವ ಕೋಣೆಗಳ ನಡುವೆ ಓಡಾಡುತ್ತಾನೆ, ಅಷ್ಟೆ. ನಾನು ಕಡಲನ್ನು ಕಂಡದ್ದು ಹೆಚ್ಚಾಗಿ ಕಸ ವಿಂಗಡಿಸುವ ಕೋಣೆಯ ಪಕ್ಕದ ಬಾಗಿಲಿನಿಂದ, ಅದೂ ಬಂದರಿನಲ್ಲಿ ಅದನ್ನು ತೆರೆದಾಗ. ನಮ್ಮ ಮಲಗುವ ಕೋಣೆ ನೀರಿನ ಮಟ್ಟಕ್ಕಿಂತ ಕೆಳಗಿತ್ತು. ಕಿಟಕಿ ಇರಲಿಲ್ಲ, ಒಂದರ ಮೇಲೊಂದು ಎರಡು ಮಂಚ. ಮೇಲಿನ ಮಂಚದವನು ಹೊಸದುರ್ಗದವನು, ಹಡಗಿನ ಬಟ್ಟೆ ಒಗೆಯುವ ವಿಭಾಗದಲ್ಲಿ ಇದ್ದ. ಅವನ ಪಾಳಿ ಬೇರೆ, ನನ್ನ ಪಾಳಿ ಬೇರೆ. ಒಂದೇ ಕೋಣೆಯಲ್ಲಿದ್ದೂ ವಾರಕ್ಕೆ ಎರಡು ಸಲ ಮುಖ ನೋಡಿದರೆ ಹೆಚ್ಚು.

ಹೋಗಬೇಕೆಂದಿರುವವರಿಗೆ ನನ್ನ ಸಲಹೆ ಇಷ್ಟು. ಕೆಳಗಿನ ಮಂಚವನ್ನು ಕೇಳಿ ಪಡೆಯಿರಿ. ಜಾರದ ಬೂಟನ್ನು ಊರಿನಲ್ಲೇ ಒಂದು ತಿಂಗಳು ಹಾಕಿ ಪಳಗಿಸಿಕೊಂಡು ಹೋಗಿ. ಹೊಸ ಬೂಟಿನಲ್ಲಿ ಹನ್ನೊಂದು ಗಂಟೆ ನಿಂತವನಿಗೆ ಮೂರನೆಯ ದಿನ ಪಾದಗಳು ತನ್ನವೆಂದು ಅನ್ನಿಸುವುದಿಲ್ಲ. ಹಡಗು ಓಲಾಡುವಾಗ ಹೊಟ್ಟೆಯನ್ನು ಖಾಲಿ ಬಿಡಬೇಡಿ, ಒಣ ರೊಟ್ಟಿಯನ್ನಾದರೂ ಅಗಿಯುತ್ತಿರಿ. ಕುದಿಯುವ ಪಾತ್ರೆಯನ್ನು ಮುಕ್ಕಾಲಿಗಿಂತ ಮೇಲೆ ತುಂಬಬೇಡಿ, ಒಲೆಯ ಅಂಚಿನ ತಡೆಗಂಬಿಯನ್ನು ಮೊದಲು ಸಿಕ್ಕಿಸಿ, ಆಮೇಲೆ ಒಲೆ ಹಚ್ಚಿ. ಅಪಾಯದ ಗಂಟೆ ಬಾರಿಸಿದರೆ ಸೇರಬೇಕಾದ ಜಾಗಕ್ಕೆ ಕಣ್ಣು ಮುಚ್ಚಿ ನಡೆಯುವಷ್ಟು ದಾರಿಯನ್ನು ಗೊತ್ತುಮಾಡಿಕೊಳ್ಳಿ. ಇನ್ನೊಂದು ಸಲಹೆಯೂ ಉಂಟು. ನನಗೆ ಅದನ್ನು ಯಾರೂ ಹೇಳಿರಲಿಲ್ಲ. ಅದು ಏನೆಂಬುದು ಮುಂದಿನದನ್ನು ಓದಿದವರಿಗೆ ತಾನೇ ತಿಳಿಯುತ್ತದೆ.

ಹಡಗಿನ ಅಡುಗೆಮನೆ ನಡೆಯುವುದು ಕಾಗದದ ಮೇಲೆ. ಅನ್ನ ಒಲೆಯಿಂದ ಇಳಿದ ಹೊತ್ತು, ಆಗಿನ ಶಾಖ, ಒಂದು ಗಂಟೆಯ ನಂತರದ ಶಾಖ, ಎರಡು ಗಂಟೆಯ ನಂತರದ ಶಾಖ, ಎಲ್ಲವನ್ನೂ ಬರೆಯಬೇಕು. ಮೊಸರನ್ನದ ಅನ್ನವನ್ನು ಅಗಲವಾದ ತಟ್ಟೆಗಳಲ್ಲಿ ಎರಡು ಬೆರಳು ದಪ್ಪಕ್ಕೆ ಹರಡಿ, ಬಿರುಗಾಳಿಯಂಥ ತಣ್ಣನೆಯ ಗಾಳಿ ಬೀಸುವ ದೊಡ್ಡ ಪೆಟ್ಟಿಗೆಯೊಳಗೆ ಇಡಬೇಕು. ಎರಡು ಗಂಟೆಯೊಳಗೆ ಅದು ಇಪ್ಪತ್ತೊಂದು ಡಿಗ್ರಿಗೆ, ಮುಂದಿನ ನಾಲ್ಕು ಗಂಟೆಯೊಳಗೆ ಐದು ಡಿಗ್ರಿಗೆ ಇಳಿಯದಿದ್ದರೆ ಎಸೆಯಬೇಕು. ಉಳಿದ ಅನ್ನವನ್ನು ಮರುದಿನಕ್ಕೆ ಇಡುವಂತೆಯೇ ಇಲ್ಲ. ಕರಿಬೇವನ್ನೂ ಕೊತ್ತಂಬರಿಯನ್ನೂ ಕ್ಲೋರಿನ್ ಬೆರೆಸಿದ ನೀರಿನಲ್ಲಿ ನೆನೆಸಿ ಮತ್ತೆ ತೊಳೆಯಬೇಕು. ಇದು ನನಗೆ ಕಷ್ಟವೆನಿಸಲಿಲ್ಲ, ಮೆಚ್ಚುಗೆಯಾಯಿತು. ಮೂವತ್ತು ವರ್ಷ ಅಂದಾಜಿನಲ್ಲಿ ಮಾಡಿದ ಕೆಲಸಕ್ಕೆ ಅಲ್ಲಿ ಅಳತೆ ಇತ್ತು. ಶಾಖ ನೋಡುವ ಸೂಜಿಯನ್ನು ನಾನು ಜೇಬಿನಿಂದ ಬಿಡುತ್ತಿರಲಿಲ್ಲ. ಆ ಅಂಕಿಗಳನ್ನೆಲ್ಲ ನನ್ನ ಕೈಯಿಂದಲೇ ಬರೆಯುತ್ತಿದ್ದೆ.

ಆ ಹಾಳೆಯ ಒಂದೇ ಒಂದು ಕಲಮು ನನಗೆ ಒಗ್ಗಲಿಲ್ಲ. ಬಡಿಸುವ ಮೊದಲು ಅಡುಗೆಯವನು ಒಂದು ಸಲ ಬಳಸಿ ಎಸೆಯುವ ಚಮಚದಿಂದ ರುಚಿ ನೋಡಿ, ‘ರುಚಿ ನೋಡಿದೆ’ ಎಂಬ ಕಲಮಿನಲ್ಲಿ ತನ್ನ ಹೆಸರಿನ ಮೊದಲ ಅಕ್ಷರ ಬರೆಯಬೇಕು.

ನಮ್ಮಲ್ಲಿ ಎಡೆ ಇಡುವ ಮೊದಲು ಅಡುಗೆಯವನು ನಾಲಿಗೆಗೆ ಸೋಕಿಸುವುದಿಲ್ಲ. ಸೋಕಿಸಿದರೆ ಅದು ಎಂಜಲು. ಉಪ್ಪು ಹಿಡಿದಿದೆಯೇ ಎಂಬುದನ್ನು ಆವಿಯ ವಾಸನೆಯಿಂದ, ಸೌಟಿನಿಂದ ಇಳಿಯುವ ರೀತಿಯಿಂದ ತಿಳಿಯುವುದು ನಮ್ಮ ವಿದ್ಯೆ. ಇದನ್ನು ನಾನು ದೇವರ ಭಯದಿಂದ ಪಾಲಿಸಿದವನಲ್ಲ. ಉಣ್ಣುವವನಿಗಿಂತ ಮೊದಲು ಉಣ್ಣಬಾರದೆಂಬುದು ಕೈಗೆ ಕಲಿಸಿದ ಶಿಸ್ತು. ಮೊದಲ ವಾರದಲ್ಲೇ ಹಿರಿಯೂರಿನವನು ಇದನ್ನು ಗಮನಿಸಿದ.

“ಮಾವ, ಚಮಚ ಯಾಕೆ ಮುಟ್ಟಂಗಿಲ್ಲ ನೀವು?”

“ನಾನು ಮೊದ್ಲು ತಿಂದು ಆಮ್ಯಾಲೆ ಜನಕ್ಕೆ ಇಡದೇನಪ್ಪ? ನಿಮ್ಮನ್ಯಾಗೆ ನಿಮ್ಮವ್ವ ಹಂಗೆ ಮಾಡ್ತಿದ್ಲೇನು?”

ಅವನು ನಕ್ಕ. “ಇಲ್ಲ ಬಿಡ್ರಿ. ನಾನೇ ರುಚಿ ನೋಡ್ತೀನಿ, ನಿಮ್ಮ ಅಕ್ಷರಾನೂ ನಾನೇ ಹಾಕ್ತೀನಿ. ಯಾರು ಕೇಳ್ತಾರೆ?”

ನನಗೆ ಆಗ ಅದು ಉಪಕಾರವಾಗಿ ಕಂಡಿತು. ಹಿರಿಯನ ನೇಮವನ್ನು ಕಾಯುವ ಚಿಕ್ಕವನ ಮರ್ಯಾದೆಯೆಂದು ಬಗೆದೆ. ಮೂರು ತಿಂಗಳು, ದಿನಕ್ಕೆ ಎರಡು ಸಲ, ನನ್ನ ಹೆಸರನ್ನು ಅವನ ಕೈ ಬರೆಯಿತು.

ಮುಂಬೈಯಿಂದ ಹೊರಟು ಲಕ್ಷದ್ವೀಪ ಮುಟ್ಟಿ ಕೊಚ್ಚಿಯಲ್ಲಿ ಮುಗಿಯುವ ಐದು ದಿನದ ಯಾನ ಅದು. ಎರಡನೆಯ ದಿನ ಬೆಳಿಗ್ಗೆ ಎಂಟರ ಹೊತ್ತಿಗೆ ಹಿರಿಯೂರಿನವನು ನನ್ನ ಒಲೆಯ ಬಳಿ ಬಂದು ನಿಂತ. ಮುಖ ಬಿಳಿಚಿತ್ತು, ಹಣೆಯ ಮೇಲೆ ಬೆವರಿತ್ತು.

“ಹೊಟ್ಟೆ ತೊಳಸ್ತೈತೆ ಮಾವ. ಓಮದ ಕಷಾಯ ಮಾಡಿಕೊಡ್ರಿ.”

“ವಾಂತಿ ಆತೇನೋ?”

“ಒಂದ್ ಸಲ. ಏನೂ ಇಲ್ಲ.”

ಹಡಗಿನ ನಿಯಮ ನನಗೆ ಬಾಯಿಪಾಠವಿತ್ತು. ವಾಂತಿ ಅಥವಾ ಬೇದಿ ಒಂದು ಸಲ ಆದರೂ ಕೆಲಸ ಬಿಟ್ಟು ಆಸ್ಪತ್ರೆಗೆ ಹೇಳಬೇಕು, ಎಲ್ಲ ನಿಂತ ಮೇಲೂ ಎರಡು ದಿನ ಕೋಣೆಯೊಳಗೇ ಇರಬೇಕು. ಹೇಳದವನನ್ನು ಮನೆಗೆ ಕಳಿಸುತ್ತಾರೆ, ತಿಳಿದೂ ಮುಚ್ಚಿಟ್ಟವನನ್ನೂ ಕಳಿಸುತ್ತಾರೆ.

“ಆಸ್ಪತ್ರೆಗೆ ಹೋಗು,” ಎಂದೆ.

“ಈ ವಾರ ಬಡ್ತಿ ಪಟ್ಟಿ ಬರ್ತೈತೆ ಮಾವ. ಎಂಟು ವರ್ಷ ಕಾದೀನಿ. ಎರಡು ದಿನ ಬಾಗ್ಲು ಹಾಕ್ಕಂಡು ಕುಂತ್ರೆ ನನ್ ಹೆಸ್ರು ಹೋತು. ಈ ಅಡಿಗೆಮನ್ಯಾಗೆ ನಮ್ ಕಡೇರು ನೀವೊಬ್ರೇ. ನಿಮಗೆ ಹೇಳ್ದೆ ಇನ್ಯಾರಿಗೆ ಹೇಳ್ಲಿ?”

ಆ ಕೊನೆಯ ಮಾತಿಗೆ ನಾನು ಸೋತೆ. ಓಮ, ಜೀರಿಗೆ, ಒಣಶುಂಠಿ ಹಾಕಿ ಕಷಾಯ ಕುದಿಸಿ ಕೊಟ್ಟೆ. ಅವನು ಗೋಡೆಯ ಕಡೆ ತಿರುಗಿ ಕುಡಿದ. ಆಮೇಲೆ ದಿನವಿಡೀ ಬೇರೆ ಮಹಡಿಯ ಕೋಸಂಬರಿ ಮತ್ತು ಹಣ್ಣಿನ ಮೇಜಿನ ಬಳಿ ನಿಂತು ಮೇಲ್ವಿಚಾರಣೆ ಮಾಡಿದ. ನಮ್ಮೂರಿನಲ್ಲಿ ಇಂಥ ಹೊತ್ತಿಗೆ ಕಷಾಯ ಕೊಡದವನು ಕಟುಕ. ಹಡಗಿನಲ್ಲಿ ಕೊಟ್ಟವನು ತಪ್ಪಿತಸ್ಥ. ನಾನು ಊರಿನವನಾಗಿ ನಡೆದುಕೊಂಡೆ.

ಮೂರನೆಯ ದಿನ ಮಧ್ಯಾಹ್ನದ ಊಟಕ್ಕೆ ಮೊಸರನ್ನ. ಬೆಳಿಗ್ಗೆ ಐದೂವರೆಗೆ ಅಕ್ಕಿ ಒಲೆಗೇರಿಸಿದೆ. ಆರೂಕಾಲಿಗೆ ಅನ್ನ ಇಳಿಯಿತು. ತಟ್ಟೆಗಳಿಗೆ ಹರಡಿ ತಣ್ಣನೆಯ ಪೆಟ್ಟಿಗೆಗೆ ಇಟ್ಟೆ. ಎಂಟಕ್ಕೆ ನೋಡಿದಾಗ ಹತ್ತೊಂಬತ್ತು ಡಿಗ್ರಿ, ಹತ್ತೂವರೆಗೆ ನಾಲ್ಕು. ಉಗ್ರಾಣದಿಂದ ಬಂದ ಮುಚ್ಚಿದ ಡಬ್ಬಿಗಳ ಮೊಸರು, ತಣ್ಣನೆಯ ಹಾಲು, ಉಪ್ಪು, ಆರಿಸಿದ ಒಗ್ಗರಣೆ. ಹನ್ನೊಂದೂ ನಲವತ್ತಕ್ಕೆ ಹಿರಿಯೂರಿನವನು ಎಂದಿನಂತೆ ಬಂದ. ಚಮಚದಿಂದ ಒಂದು ತುತ್ತು ಬಾಯಿಗೆ ಹಾಕಿಕೊಂಡ, ತಲೆಯಾಡಿಸಿದ. ಅದೇ ಚಮಚವನ್ನು ಮತ್ತೆ ಪಾತ್ರೆಗೆ ಇಳಿಸಿದ.

ಅದನ್ನು ನಾನು ಕಂಡೆ.

“ಏ, ಏನ್ ಮಾಡ್ತಿದ್ಯೋ?” ಎಂದೆ.

“ಅಯ್ಯೋ, ಮರ್ತೇ ಹೋತು ಮಾವ,” ಎಂದು ಚಮಚ ಎಸೆದ. ಹಾಳೆಯ ಮೇಲೆ ನನ್ನ ಅಕ್ಷರ ಬರೆದು ಹೋದ.

ಹೊರಗೆ ಮೇಜುಗಳು ತುಂಬಿದ್ದವು, ಇಪ್ಪತ್ತು ನಿಮಿಷ ಉಳಿದಿತ್ತು. ಚಮಚ ಸೋಕಿದ ಜಾಗದ ಸುತ್ತ ದೊಡ್ಡ ಬಟ್ಟಲಿನಷ್ಟು ಅನ್ನವನ್ನು ತೆಗೆದು ಕಸಕ್ಕೆ ಹಾಕಿದೆ. ಉಳಿದುದನ್ನು ಬಡಿಸಲು ಕಳಿಸಿದೆ. ಇಡೀ ಪಾತ್ರೆಯನ್ನು ಚೆಲ್ಲಬೇಕಿತ್ತು. ಹಡಗಿನ ನಿಯಮವೂ ಅದನ್ನೇ ಹೇಳುತ್ತಿತ್ತು, ನನ್ನ ಮನೆಯ ನಿಯಮವೂ ಅದನ್ನೇ ಹೇಳುತ್ತಿತ್ತು. ಎರಡನ್ನೂ ಒಂದೇ ಗಳಿಗೆಯಲ್ಲಿ ಮುರಿದೆ. ನನ್ನ ನಾಲಿಗೆಯ ಎಂಜಲು ಜನಕ್ಕೆ ತಾಗಬಾರದೆಂದು ಹಟ ಹಿಡಿದವನು, ಕಾಯಿಲೆ ಬಿದ್ದ ಇನ್ನೊಬ್ಬನ ಎಂಜಲನ್ನು ಬಡಿಸಿದೆ. ಇದನ್ನು ಊರಿನಲ್ಲಿ ಯಾರೂ ಹೇಳುವುದಿಲ್ಲ, ಏಕೆಂದರೆ ಯಾರಿಗೂ ಗೊತ್ತಿಲ್ಲ. ನಾನೇ ಹೇಳುತ್ತಿದ್ದೇನೆ.

ನಾಲ್ಕನೆಯ ದಿನ ಬೆಳಿಗ್ಗೆ ಹಡಗು ಕೆಂಪು ಹಂತಕ್ಕೆ ಹೋಯಿತು. ಕಾಯಿಲೆ ಹಬ್ಬಿದೆ ಎಂಬುದಕ್ಕೆ ಅಲ್ಲಿನ ಮಾತು ಅದು. ಪ್ರಯಾಣಿಕರು ತಾವೇ ಬಡಿಸಿಕೊಳ್ಳುವುದನ್ನು ಅಧಿಕಾರಿಗಳು ನಿಲ್ಲಿಸಿದರು. ಮೇಜುಗಳ ಮೇಲಿನ ಉಪ್ಪಿನ ಡಬ್ಬಿಗಳು ಮಾಯವಾದವು. ಬಾಗಿಲ ಹಿಡಿಗಳನ್ನೂ ಮೆಟ್ಟಿಲ ಕಂಬಿಗಳನ್ನೂ ಅರ್ಧ ಗಂಟೆಗೊಮ್ಮೆ ಕ್ಲೋರಿನ್ ನೀರಿನಿಂದ ಒರೆಸುವುದಕ್ಕೆ ಪ್ರಯಾಣಿಕರನ್ನು ರಂಜಿಸುವ ಸಂಗೀತಗಾರರನ್ನೂ ಹಚ್ಚಿದರು. ಆಸ್ಪತ್ರೆಯ ಮುಂದೆ ಕುರ್ಚಿಗಳು ಸಾಲದಾದವು. ನಮ್ಮ ವಿಭಾಗದ ಹಾಳೆಗಳನ್ನೆಲ್ಲ ಹಡಗಿನ ಆರೋಗ್ಯಾಧಿಕಾರಿ ತೆಗೆದುಕೊಂಡು ಹೋದರು. ಅವರು ಹೊರದೇಶದ ಹೆಂಗಸು, ಮೃದುವಾದ ಮಾತಿನವರು.

ಮಧ್ಯಾಹ್ನ ನಾಲ್ಕಕ್ಕೆ ನನ್ನನ್ನು ಕರೆದರು. ಮೇಜಿನ ಒಂದು ಬದಿಗೆ ಅವರು, ಇನ್ನೊಂದು ಬದಿಗೆ ನಾನು, ನಡುವೆ ದುಭಾಷಿಯಾಗಿ ಹಿರಿಯೂರಿನವನು. ನನಗೆ ಇಂಗ್ಲಿಷ್ ಬಾರದೆಂದು ಎಲ್ಲರೂ ತಿಳಿದಿದ್ದರು. ಏಳನೆಯ ತರಗತಿಗೆ ಶಾಲೆ ಬಿಟ್ಟವನು ನಾನು ನಿಜ. ಆದರೆ ಇಪ್ಪತ್ತು ವರ್ಷ, ಒಂದು ನಿಘಂಟು ಇಟ್ಟುಕೊಂಡು ಕೈಗೆ ಸಿಕ್ಕ ಇಂಗ್ಲಿಷ್ ಕಾಗದವನ್ನೆಲ್ಲ ಓದಿದವನು. ಅಡುಗೆಮನೆಯಲ್ಲಿ ಅದನ್ನು ತೋರಿಸುವ ಅಗತ್ಯ ಬಂದಿರಲಿಲ್ಲ, ಅಷ್ಟೆ.

ಆ ಅನ್ನ ಯಾವಾಗ ಬೇಯಿಸಿದ್ದು ಎಂದು ಅಧಿಕಾರಿ ಕೇಳಿದರು.

“ಮಾವ, ಅನ್ನ ಯಾವಾಗ ಮಾಡಿದ್ರಿ ಅಂತ ಕೇಳ್ತಾರೆ.”

“ಅವತ್ತು ಬೆಳಿಗ್ಗೆ ಐದೂವರೆಗೆ ಇಟ್ಟೆ. ನೀನೂ ಕಂಡಿದ್ಯಲ್ಲಪ್ಪ.”

ಅವನು ಅಧಿಕಾರಿಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದ: ಅನ್ನದಲ್ಲಿ ಹಿಂದಿನ ದಿನ ಉಳಿದದ್ದೂ ಸೇರಿತ್ತು. ಇವರ ಹಳ್ಳಿಗಳಲ್ಲಿ ತಂಗಳನ್ನಕ್ಕೆ ಮೊಸರು ಕಲಸುವುದೇ ಪದ್ಧತಿ. ನಾನು ಹಲವು ಸಲ ಎಚ್ಚರಿಸಿದ್ದೆ. ವಯಸ್ಸಾದವರು, ಓದಿಲ್ಲ, ದಯವಿಟ್ಟು ಕಠಿಣವಾಗಿ ನೋಡಬೇಡಿ.

ಆಮೇಲೆ ನನಗೆ ಕನ್ನಡದಲ್ಲಿ, “ಆತು ಮಾವ, ಎಲ್ಲ ಹೇಳೀನಿ. ನೀವು ಹೂಂ ಅಂತ ತಲೆ ಆಡ್ಸಿ ಸಾಕು, ನಾನು ನೋಡ್ಕಂತೀನಿ,” ಎಂದ.

ನಾನು ಅವನ ಮುಖ ನೋಡಿದೆ. ಅದರಲ್ಲಿ ಹಗೆ ಇರಲಿಲ್ಲ, ನಿಜವಾದ ಕನಿಕರ ಇತ್ತು. ಅವನು ಸುಳ್ಳು ಹೇಳಿದ್ದಕ್ಕಿಂತ, ಆ ಸುಳ್ಳಿನ ಬಾಲಕ್ಕೆ ನನಗಾಗಿ ಕಟ್ಟಿದ ಶಿಫಾರಸು ನನ್ನನ್ನು ಹೆಚ್ಚು ಸುಟ್ಟಿತು.

ತಲೆಯಾಡಿಸಿದ್ದರೆ ಬಹುಶಃ ಒಂದು ಎಚ್ಚರಿಕೆಯಲ್ಲಿ ಮುಗಿಯುತ್ತಿತ್ತು. ಬಾಯಿ ತೆರೆದರೆ ಕಷಾಯ ಕೊಟ್ಟದ್ದನ್ನೂ, ಅಂದರೆ ಅವನ ಕಾಯಿಲೆಯನ್ನು ತಿಳಿದೂ ಮುಚ್ಚಿಟ್ಟದ್ದನ್ನೂ ಹೇಳಬೇಕಾಗುತ್ತಿತ್ತು. ನನ್ನ ಹೆಸರಿನಲ್ಲಿರುವ ಅಕ್ಷರ ನನ್ನದಲ್ಲ ಎಂದೂ ಹೇಳಬೇಕಾಗುತ್ತಿತ್ತು. ಈ ಎರಡರಲ್ಲಿ ಯಾವುದಾದರೂ ಒಂದೇ ನನ್ನನ್ನು ಮನೆಗೆ ಕಳಿಸಲು ಸಾಕಿತ್ತು. ಆದರೆ ತಂಗಳನ್ನ ಬಡಿಸಿದೆ ಎಂದು ಒಪ್ಪಿದ ಅಡುಗೆಯವನಾಗಿ ನಾನು ಆ ಮೇಜಿನಿಂದ ಏಳಲಾರದಾದೆ.

ಇಂಗ್ಲಿಷಿನಲ್ಲಿಯೇ ಹೇಳಿದೆ. ಒಂದೊಂದು ಪದವನ್ನೂ ನಿಘಂಟಿನಿಂದ ಎತ್ತಿಡುವಂತೆ, ನಿಧಾನವಾಗಿ. ಅನ್ನ ಆ ದಿನದ್ದು. ಶಾಖದ ಅಂಕಿಗಳು ನನ್ನವು. ರುಚಿಯ ಕಲಮಿನ ಅಕ್ಷರ ನನ್ನದಲ್ಲ, ಇವನದು. ಇವನು ಹಿಂದಿನ ದಿನ ವಾಂತಿ ಮಾಡಿಕೊಂಡಿದ್ದ, ನಾನು ಕಷಾಯ ಕೊಟ್ಟೆ. ಬಾಯಿಗಿಟ್ಟ ಚಮಚವನ್ನು ಪಾತ್ರೆಗೆ ಇಳಿಸಿದ, ನಾನು ಪಾತ್ರೆಯನ್ನು ಚೆಲ್ಲಲಿಲ್ಲ.

ಹಿರಿಯೂರಿನವನು ಮೊದಲು ಆಡಿದ್ದು ಕನ್ನಡದಲ್ಲಿ. “ಏನ್ ಮಾವ! ಇಂಗ್ಲಿಷ್ ಬರ್ತೈತೆ ಅಂತ ಒಂದಿನಾನೂ ಹೇಳ್ಲಿಲ್ವಲ್ಲ ನೀವು!” ಮೋಸಹೋದವನು ತಾನೇ ಎಂಬಂತಿತ್ತು ದನಿ. ಆಮೇಲೆ ಇಂಗ್ಲಿಷಿನಲ್ಲಿ, ತಾನು ಯಾವ ಅಕ್ಷರವನ್ನೂ ಬರೆದಿಲ್ಲ, ತನಗೆ ಯಾವ ಕಾಯಿಲೆಯೂ ಬಂದಿಲ್ಲ ಎಂದ.

ಅಧಿಕಾರಿ ಮೂರು ತಿಂಗಳ ಹಾಳೆಗಳನ್ನು ನನ್ನ ಸೇರ್ಪಡೆಯ ಅರ್ಜಿಯ ಪಕ್ಕದಲ್ಲಿಟ್ಟು ನೋಡಿದರು. ಅಕ್ಷರ ನನ್ನದಲ್ಲವೆಂದು ಅವರಿಗೂ ಕಂಡಿತು. “ಬೇರೆಯವರು ಬರೆಯುತ್ತಿದ್ದುದು ನಿಮಗೆ ಗೊತ್ತಿತ್ತೆ?” ಎಂದು ಕೇಳಿದರು. ಗೊತ್ತಿತ್ತು ಎಂದೆ. ಅವರು ಹಾಳೆಯನ್ನು ನನ್ನ ಕಡೆ ತಿರುಗಿಸಿ, ಬೇಸರದಿಂದಲೇ ಹೇಳಿದರು: “ಒಂದೇ ಹಾಳೆಯಲ್ಲಿ ಈ ಕಲಮು ಸುಳ್ಳು ಎನ್ನುತ್ತೀರಿ. ಪಕ್ಕದ ಕಲಮನ್ನು ನಾನು ಹೇಗೆ ನಂಬಲಿ?”

ನನ್ನ ನಿಜವಾದ ಅಂಕಿಗಳನ್ನೆಲ್ಲ ನಾನೇ ಅವನ ಕೈಗೆ ಒತ್ತೆ ಇಟ್ಟಿದ್ದೆ.

ಐದನೆಯ ದಿನ ಬೆಳಿಗ್ಗೆ ಕೊಚ್ಚಿಯಲ್ಲಿ ನನ್ನನ್ನು ಇಳಿಸಿದರು. ಕೈಗೆ ಕೊಟ್ಟ ಪತ್ರದಲ್ಲಿ ತಂಗಳನ್ನದ ಮಾತೇ ಇಲ್ಲ. ‘ಕಾಯಿಲೆ ವೈರಾಣುವಿನಿಂದ ಬಂದಿರಬಹುದು, ಮೂಲ ತಿಳಿದುಬಂದಿಲ್ಲ. ಸದರಿ ನೌಕರನ ವಿಭಾಗದ ದಾಖಲೆಗಳು ನಂಬಲರ್ಹವಲ್ಲ’ ಎಂಬ ಅರ್ಥದ ಎರಡು ಸಾಲುಗಳಿವೆ. ಆ ಎರಡು ಸಾಲುಗಳೊಡನೆ ನನಗೆ ಜಗಳವಿಲ್ಲ. ಬೆಂಗಳೂರಿನ ಮೂಲಕ ಬಸ್ಸು ಹಿಡಿದು ಹೊಳಲ್ಕೆರೆ ಸೇರುವ ಹೊತ್ತಿಗೆ, ಹಿರಿಯೂರಿಗೆ ಬಂದ ಒಂದು ಫೋನಿನಿಂದ ಹುಟ್ಟಿದ ಕಥೆ ನನಗಿಂತ ಮೊದಲೇ ಬಂದು ಕುಳಿತಿತ್ತು.

ಆಮೇಲೆ ಸಿಕ್ಕಷ್ಟನ್ನು ಓದಿದೆ. ಕೆಟ್ಟ ಅನ್ನ ತಿಂದರೆ ಸಾಮಾನ್ಯವಾಗಿ ಕೆಲವೇ ಗಂಟೆಗಳಲ್ಲಿ ವಾಂತಿಯಾಗುತ್ತದೆ, ಮರುದಿನದವರೆಗೆ ಕಾಯುವುದಿಲ್ಲ. ಹಡಗಿನಲ್ಲಿ ಜನ ಬಿದ್ದದ್ದು ಮರುದಿನ ಬೆಳಿಗ್ಗೆ. ನಮ್ಮ ಮೇಜಿನ ಕಡೆ ತಲೆಯನ್ನೂ ಹಾಕದೆ ಬೇರೆ ಮಹಡಿಯಲ್ಲಿ ಹಣ್ಣು ತಿಂದವರೂ ಬಿದ್ದರು. ಇದನ್ನು ನಮ್ಮವರಿಗೆ ವಿವರಿಸಿದೆ. ಬೀಗರು ತಾಳ್ಮೆಯಿಂದ ಕೇಳಿ, “ಇರ್ಲಿ ಬಿಡ್ರಿ, ಆಗಿದ್ದು ಆತು,” ಎಂದರು. ಕ್ಷಮಿಸುವವರ ದನಿ ಅದು. ನಾನು ಕೇಳಿದ್ದು ಕ್ಷಮೆಯನ್ನಲ್ಲ.

ಎರಡು ವರ್ಷದ ಮೇಲೆ, ನನ್ನ ಮೇಲಿನ ಮಂಚದಲ್ಲಿದ್ದ ಹೊಸದುರ್ಗದವನು ಹಡಗಿನ ಕೆಲಸ ಬಿಟ್ಟು ಬಂದು, ಹೊಸದುರ್ಗದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಇಸ್ತ್ರಿ ಅಂಗಡಿ ತೆರೆದನೆಂದು ಕೇಳಿ ನೋಡಲು ಹೋದೆ.

“ಬರ್ರಿ ಅಣ್ಣ, ಕುಂತ್ಕಳ್ರಿ,” ಎಂದು ಸ್ಟೂಲು ಎಳೆದ. ಕುಶಲ ಮುಗಿಯುವ ಮೊದಲೇ ಅವನೇ ಎತ್ತಿದ. “ಅಲ್ಲ ಅಣ್ಣ, ನೀವು ತಂಗಳನ್ನ ಬಡಿಸಿದ್ರಿ ಅಂತ ಇಲ್ಲಿ ತನಕ ಸುದ್ದಿ ಐತೆ. ನಾನು ನಂಬ್ಲಿಲ್ಲ. ನಿಮ್ಮ ಮೊಸರನ್ನದ ಹಿಂದಿನ ದಿನಾನೇ ಆ ಹಿರಿಯೂರಿನೋನ ಕೆಂಪು ಚೀಲ ನನ್ನತ್ರ ಬಂದಿತ್ತಲ್ಲ!”

ಕೆಂಪು ಚೀಲವೆಂದರೆ ಏನೆಂದು ಅವನೇ ವಿವರಿಸಿದ. ವಾಂತಿ-ಬೇದಿಯಾದ ಹಾಸಿಗೆ ಬಟ್ಟೆಯನ್ನು ಅದರೊಳಗೆ ಕಟ್ಟಿ ಕಳಿಸಬೇಕು. ಚೀಲ ಸಮೇತ ಯಂತ್ರಕ್ಕೆ ಹಾಕಿದರೆ ಬಿಸಿನೀರಿನಲ್ಲಿ ಅದು ಕರಗಿಹೋಗುತ್ತದೆ, ಒಗೆಯುವವನ ಕೈಗೆ ಕಾಯಿಲೆ ತಾಗುವುದಿಲ್ಲ. ಚೀಲದ ಜೊತೆ ಎರಡು ಪ್ರತಿಯ ಚೀಟಿ ಬರುತ್ತದೆ: ಕೋಣೆಯ ಸಂಖ್ಯೆ, ಹೊತ್ತು, ಬಟ್ಟೆಗಳ ಎಣಿಕೆ, ಕಾರಣ, ಕಳಿಸಿದವನ ಸಹಿ. ಒಂದು ಪ್ರತಿ ಕಡತಕ್ಕೆ. ಇನ್ನೊಂದು ಒಗೆಯುವವನ ಬಳಿ, ಏಕೆಂದರೆ ಬಟ್ಟೆಯ ಎಣಿಕೆ ಕಡಿಮೆ ಬಿದ್ದರೆ ಉತ್ತರ ಕೊಡಬೇಕಾದವನು ಅವನೇ.

“ಯಾರಿಗಾರ ಹೇಳಿದ್ಯೇನಪ್ಪ ಆಗ?”

“ಆಸ್ಪತ್ರಿಗೆ ಹೇಳೋದು ಕಾಯಿಲೆ ಬಿದ್ದೋನ ಕೆಲ್ಸ ಅಣ್ಣ. ನಂದು ತೊಳಿಯೋದು. ಕೆಂಪು ಹಂತ ಬಂದ ಮ್ಯಾಲೆ ಆ ಯಂತ್ರದ ಪಕ್ಕನೇ ಬಿದ್ದಿದ್ದೆ. ಕೋಣೆಗೆ ಬಂದ್ರೆ ನಿಮ್ಮ ಮಂಚ ಖಾಲಿ. ಯಾರ್ ನನ್ನ ಕೇಳಿದ್ರು?”

ಚೀಟಿ ಇದೆಯೇ ಎಂದು ಕೇಳಿದೆ. ಅವನು ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಲಕೋಟೆ ತಂದ. ಮೂರು ವರ್ಷದ ಗುಲಾಬಿ ಚೀಟಿಗಳು ದಾರದಲ್ಲಿ ಪೋಣಿಸಿದ್ದವು. “ಎಣಿಕೆ ತಪ್ಪಿತ್ತು ಅಂತ ಯಾವನಾರ ಬಂದಾನು ಅಂತ ಇಟ್ಟೀನಿ,” ಎಂದು ನಕ್ಕ.

ಅದರ ನಕಲನ್ನು ಹಡಗಿನ ಕಂಪನಿಗೆ ಕಳಿಸಿದೆ. ಪ್ರಕರಣ ಮುಗಿದಿದೆ ಎಂಬ ಒಂದು ಸಾಲಿನ ಉತ್ತರ ಬಂತು. ಆಮೇಲೆ, ಹಿರಿಯೂರಿನವನು ರಜೆಗೆ ಬಂದಿದ್ದಾನೆಂದು ತಿಳಿದು ಅವನ ಮನೆಗೇ ಹೋದೆ. ಆಗ ಅವನು ಇಡೀ ಅಡುಗೆಮನೆಗೆ ಎರಡನೆಯ ಮುಖ್ಯಸ್ಥನಾಗಿದ್ದ.

“ಮಾವ ಬಂದಾರೆ, ಕಾಫಿ ಇಡೇ,” ಎಂದು ಹೆಂಡತಿಗೆ ಕೂಗಿ ಹೇಳಿದ. ನಾನು ನಕಲನ್ನು ಮುಂದಿಟ್ಟೆ. ಬಹಳ ಹೊತ್ತು ಓದಿದ. ಐದೇ ಸಾಲಿನ ಚೀಟಿ ಅದು.

“ನಾನು ನಿನ್ ಕೆಲ್ಸ ಕಳಿಯಾಕೆ ಬಂದಿಲ್ಲ,” ಎಂದೆ. “ಕಂಪನಿಯೋರಿಗೆ ಬ್ಯಾಡ ಬಿಡು. ಊರಾಗೆ ಒಂದ್ ಮಾತು ಹೇಳು. ಅನ್ನ ತಂಗಳಲ್ಲ, ನಾನು ಹೇಳಿದ್ದು ಸುಳ್ಳು ಅಂತ. ಅಷ್ಟೇ.”

“ಯಾರಿಗೆ ಅಂತ ಹೇಳ್ಲಿ ಮಾವ? ಜನ ಮರ್ತಾರೆ ಬಿಡ್ರಿ.”

“ಮರ್ತಿದ್ರೆ ನಾನ್ಯಾಕೆ ಬರ್ತಿದ್ದೆ?”

ಅವನು ಚೀಟಿಯನ್ನು ಮಡಚಿ ನನ್ನ ಕಡೆ ತಳ್ಳಿದ. “ಇದು ನನ್ ಸಹಿ ಅಲ್ಲ. ಹಡಗಿನಾಗೆ ಯಾರ ಸಹಿ ಯಾರು ಹಾಕ್ತಾರೆ ಅಂತ ನಿಮಗಿಂತ ಚೆಂದ ಯಾರಿಗೆ ಗೊತ್ತು ಮಾವ?”

ಕಾಫಿ ಬರುವ ಮೊದಲೇ ಎದ್ದು ಬಂದೆ. ಹಿರಿಯೂರಿನಿಂದ ಚಿತ್ರದುರ್ಗದವರೆಗೆ ಬಸ್ಸಿನಲ್ಲಿ ನಿಂತೇ ಬಂದೆ, ಕೂರಲು ಜಾಗ ಇತ್ತು. ಅವನು ಕೆಂಪು ಚೀಲವನ್ನು ಕಳಿಸಿದ್ದು ಏಕೆಂದು ದಾರಿಯುದ್ದಕ್ಕೂ ಯೋಚಿಸಿದೆ. ಬಟ್ಟೆಯನ್ನು ಸುಮ್ಮನೆ ಮುದ್ದೆ ಮಾಡಿ ಎಸೆದಿದ್ದರೆ ಕುರುಹೇ ಉಳಿಯುತ್ತಿರಲಿಲ್ಲ. ಬಹುಶಃ ತನ್ನ ಕಾಯಿಲೆ ಒಗೆಯುವವನ ಕೈಗೆ ತಾಗಬಾರದು ಎಂದುಕೊಂಡ. ಅಷ್ಟು ಕಾಳಜಿ ಇದ್ದವನಿಗೆ ನನ್ನ ಪಾತ್ರೆಯ ಮುಂದೆ ನಿಂತಾಗ ಅದು ಇರಲಿಲ್ಲವೇಕೆ ಎಂಬುದು ನನಗೆ ಇಂದಿಗೂ ಬಗೆಹರಿದಿಲ್ಲ.

ನಾನು ಹೇಳಿದ್ದನ್ನು ನಂಬಬೇಕೆಂದು ಯಾರನ್ನೂ ಕೇಳುವುದಿಲ್ಲ. ಚಮಚದ ಬಗ್ಗೆ ನಾನು ಹೇಳಿದ ಮಾತಿಗೆ ನನ್ನನ್ನು ಬಿಟ್ಟರೆ ಸಾಕ್ಷಿ ಇಲ್ಲ. ಅನ್ನದ ಶಾಖಕ್ಕೆ ಇದ್ದ ಸಾಕ್ಷಿಯನ್ನು ನಾನೇ ಕೆಡಿಸಿದೆ. ಚೀಟಿ ಮಾತ್ರ ಹೊಸದುರ್ಗದಲ್ಲಿದೆ. ಇಸ್ತ್ರಿ ಅಂಗಡಿ ಬೆಳಿಗ್ಗೆ ಒಂಬತ್ತಕ್ಕೆ ತೆರೆಯುತ್ತದೆ, ಕೇಳಿದವರಿಗೆಲ್ಲ ಅವನು ತೋರಿಸುತ್ತಾನೆ. ಮೇಲ್ವಿಚಾರಕನ ಕೋಣೆಯ ಸಂಖ್ಯೆ, ಹೊದಿಕೆ ಎರಡು, ದಿಂಬಿನ ಚೀಲ ಒಂದು, ಟವೆಲು ಒಂದು. ಕಾರಣದ ಪಟ್ಟಿಯಲ್ಲಿ ‘ವಾಂತಿ’ ಎಂಬುದರ ಮುಂದೆ ಗುರುತು. ಯಾನದ ಎರಡನೆಯ ದಿನ, ಬೆಳಿಗ್ಗೆ ಏಳೂ ಇಪ್ಪತ್ತು. ನನ್ನ ಅಕ್ಕಿ ಒಲೆಗೇರಲು ಆಗ ಇನ್ನೂ ಇಪ್ಪತ್ತೆರಡು ಗಂಟೆ ಇತ್ತು.